ಬೋರ್‌ವೆಲ್ ನೀರಿನಲ್ಲಿ ಒಡೆದ ಆಲ್ಜಿನೇಟ್: ಮರದಚ್ಚಿಗೆ ಬಣ್ಣದ ಸರಿ ಕೂಡಿಸಿದ ದಾಖಲೆ

ಹನ್ನೆರಡು ಹತ್ತಿ ದುಪಟ್ಟಾಗಳ ಅಂಚಿಗೆ ಮರದಚ್ಚಿನಿಂದ ಬಳ್ಳಿಯನ್ನೂ ಒಡಲಿಗೆ ಚಿಕ್ಕ ಬುಟ್ಟಾವನ್ನೂ ಒತ್ತಿಕೊಡುವ ಕೆಲಸ ಒಪ್ಪಿಕೊಂಡಿದ್ದೆ. ಅಲ್ಲಿಯವರೆಗೆ ನಾನು ಪಿಗ್ಮೆಂಟ್ ಬಣ್ಣ ಮತ್ತು ಬೈಂಡರ್ ಬಿಟ್ಟು ಬೇರೇನನ್ನೂ ಬಳಸಿದವನಲ್ಲ. ಅದು ಸುಲಭದ ದಾರಿ, ಆದರೆ ಬಣ್ಣ ಬಟ್ಟೆಯ ಮೇಲೆ ಕೂತಿರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ತೆಳುವಾದ ಮಲ್ ಬಟ್ಟೆಯ ಮೇಲೆ ಬೆರಳಾಡಿಸಿದರೆ ಪ್ಲಾಸ್ಟಿಕ್ಕಿನಂಥ ಪೊರೆಯೊಂದು ಕೈಗೆ ಸಿಗುತ್ತದೆ. ದುಪಟ್ಟಾ ಕೊರಳಿಗೆ ತಾಗುವ ಬಟ್ಟೆಯಾದ್ದರಿಂದ ಈ ಸಲ ರಿಯಾಕ್ಟಿವ್ ಬಣ್ಣವನ್ನೇ ಬಳಸಬೇಕೆಂದು ತೀರ್ಮಾನಿಸಿದೆ. ರಿಯಾಕ್ಟಿವ್ ಬಣ್ಣ ಹತ್ತಿಯ ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡು ಅದರ ಭಾಗವೇ ಆಗಿಬಿಡುತ್ತದೆ. ತೊಡಕೆಂದರೆ ಈ ಬಣ್ಣ ನೀರಿನಷ್ಟು ತೆಳು, ಅಚ್ಚಿಗೆ ಹಚ್ಚಿ ಒತ್ತಿದರೆ ಶಾಯಿ ಚೆಲ್ಲಿದಂತೆ ಹರಡುತ್ತದೆ. ಅದನ್ನು ಹಿಡಿದು ನಿಲ್ಲಿಸುವ, ಗಂಜಿಯಂಥ ದಪ್ಪ ಸರಿಯೊಂದು ಬೇಕು. ಈ ದಾಖಲೆಯಲ್ಲಿ ಇರುವುದೆಲ್ಲ ಆ ಸರಿ ಕೂಡಿಸಲು ಹೋಗಿ ನಾನು ಕೆಡಿಸಿದ್ದು ಮತ್ತು ಕೆಟ್ಟದ್ದನ್ನು ತಿದ್ದಿದ್ದು.

ಮೊದಲ ಪ್ರಯೋಗ ಹುಣಸೆಬೀಜದ್ದು. ತುಮಕೂರಿನಲ್ಲಿ ಹುಣಸೆಗೆ ಬರವಿಲ್ಲ. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿದ ಪುಡಿ ಬಲು ಅಗ್ಗವಾಗಿ ಸಿಗುತ್ತದೆ. ಚಳ್ಳಕೆರೆ ಕಡೆಯ ಕಂಬಳಿ ನೇಕಾರರು ಉಣ್ಣೆಯ ಹಾಸುನೂಲಿಗೆ ಇದೇ ಸರಿಯನ್ನು ಹಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೆನಾದ್ದರಿಂದ ಅದರ ಮೇಲೆ ನನಗೆ ಭರವಸೆಯೂ ಇತ್ತು. ಕುದಿಸಿ, ಸೋಸಿ, ಬಣ್ಣ ಮತ್ತು ಸೋಡಾ ಬೆರೆಸಿ ತುಂಡುಬಟ್ಟೆಯ ಮೇಲೆ ಒತ್ತಿದಾಗ ಗೆರೆ ಬಹಳ ಚೊಕ್ಕಟವಾಗಿ ಬಂತು. ಹಬೆಯಲ್ಲಿ ಬೇಯಿಸಿ ತೊಳೆದ ಮೇಲೆ ಮಾತ್ರ ಅರ್ಧಕ್ಕರ್ಧ ಬಣ್ಣ ನೀರಿನ ಪಾಲಾಗಿತ್ತು, ಬಣ್ಣ ಉಳಿದ ಕಡೆ ಬಟ್ಟೆ ಹಪ್ಪಳದಂತೆ ಗರಿಗರಿಯಾಗಿತ್ತು. ಮೂರು ಸಲ ಬಿಸಿ ಸೋಪಿನ ನೀರಿನಲ್ಲಿ ಅದ್ದಿದರೂ ಆ ಗರಿ ಹೋಗಲಿಲ್ಲ.

ಇದಕ್ಕೆ ಹುಣಸೆಬೀಜವನ್ನು ದೂರಿ ಫಲವಿಲ್ಲ. ರಿಯಾಕ್ಟಿವ್ ಬಣ್ಣ ಹತ್ತಿಯನ್ನು ಹಿಡಿಯುವುದು ಅದರ ಸೆಲ್ಯುಲೋಸ್ ಸರಪಳಿಯಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳ ಮೂಲಕ. ಹುಣಸೆಬೀಜದ ಅಂಟು, ಗೋರಿಕಾಯಿ ಬೀಜದ ಗೋಂದು, ಮೈದಾ ಗಂಜಿ, ಇವೆಲ್ಲವೂ ಸಕ್ಕರೆಯ ಸರಪಳಿಗಳೇ ಆದ್ದರಿಂದ ಅವುಗಳಲ್ಲೂ ಅದೇ ಹೈಡ್ರಾಕ್ಸಿಲ್ ಗುಂಪುಗಳು ತುಂಬಿಕೊಂಡಿರುತ್ತವೆ. ಬಣ್ಣಕ್ಕೆ ಬಟ್ಟೆ ಯಾವುದು, ಸರಿ ಯಾವುದು ಎಂಬ ಭೇದ ಗೊತ್ತಾಗದೆ ಸರಿಯೊಂದಿಗೇ ಬೆಸೆದುಕೊಳ್ಳುತ್ತದೆ, ಆ ಸರಿಯ ಒಂದು ಪಾಲು ತೊಳೆದರೂ ಬಿಡದಂತೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೊಸಿಯಾನ್ ಎಂಬ ಹೆಸರಿನಲ್ಲಿ ಈ ಬಗೆಯ ಬಣ್ಣಗಳನ್ನು ಮಾರುಕಟ್ಟೆಗೆ ತಂದ ಮೇಲೆ ಅಚ್ಚಿನ ಕೆಲಸದವರು ಹಳೆಯ ಗಂಜಿಗಳನ್ನು ಬದಿಗಿಟ್ಟು ಸೋಡಿಯಂ ಆಲ್ಜಿನೇಟಿಗೆ ಬಂದದ್ದು ಈ ಕಾರಣದಿಂದಲೇ. ಆಲ್ಜಿನೇಟ್ ಕಂದು ಕಡಲಪಾಚಿಯಿಂದ ತೆಗೆದ ಲೋಳೆ. ಅದರ ಸರಪಳಿಯಲ್ಲಿ ಬಣ್ಣ ಸುಲಭವಾಗಿ ಹಿಡಿಯಬಲ್ಲ ಪ್ರಾಥಮಿಕ ಹೈಡ್ರಾಕ್ಸಿಲ್ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಋಣ ವಿದ್ಯುದಂಶವುಳ್ಳ ಕಾರ್ಬಾಕ್ಸಿಲೇಟ್ ಗುಂಪು ಕೂತಿದೆ. ಬಣ್ಣದ ಅಣುವೂ ಋಣವೇ ಆದ್ದರಿಂದ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ, ಬಣ್ಣ ಬಟ್ಟೆಯ ಕಡೆಗೆ ಹೋಗುತ್ತದೆ, ಕೆಲಸ ಮುಗಿದ ಮೇಲೆ ಸರಿ ತಣ್ಣೀರಿನಲ್ಲೇ ಕರಗಿ ಹರಿದುಹೋಗುತ್ತದೆ.

ಹೋಗಬೇಕು ಎನ್ನುವುದು ಪುಸ್ತಕದ ಮಾತು.

ಬೆಂಗಳೂರಿನಿಂದ ಒಂದು ಕಿಲೋ ತರಿಸಿದೆ. ತೆಳು ಬಾದಾಮಿ ಬಣ್ಣದ, ಚಿರೋಟಿ ರವೆಗಿಂತ ನುಣುಪಾದ ಪುಡಿ, ಮೂಗಿನ ಹತ್ತಿರ ತಂದರೆ ಒಣಮೀನಿನ ಅಂಗಡಿಯ ನೆನಪಾಗುವಷ್ಟು ಸಣ್ಣ ವಾಸನೆ. ಹುಣಸೆಬೀಜದ ಪುಡಿಗಿಂತ ಹಲವು ಪಟ್ಟು ದುಬಾರಿಯಾದ್ದರಿಂದ ಮೊದಲ ದಿನ ಒಂದೇ ಲೀಟರ್ ಬೋರ್‌ವೆಲ್ ನೀರಿಗೆ 40 ಗ್ರಾಂ ತೂಗಿದೆ. ಮುದ್ದೆಗೆ ಹಿಟ್ಟು ಸುರಿದಂತೆ ಒಮ್ಮೆಗೇ ಸುರಿದದ್ದು ನನ್ನ ತಪ್ಪು. ಪುಡಿಯ ಹೊರಪದರ ಕ್ಷಣದಲ್ಲಿ ನೀರು ಕುಡಿದು ಜಿಗುಟಾಗಿ, ಒಳಗಿನ ಪುಡಿಗೆ ನೀರು ತಲುಪದಂತೆ ಮುಚ್ಚಿಬಿಟ್ಟಿತು. ಮೀನಿನ ಕಣ್ಣಿನಂಥ ಗಂಟುಗಳು ತೇಲಿದವು, ಒಂದನ್ನು ಉಗುರಿನಿಂದ ಬಿಡಿಸಿದರೆ ನಡುವೆ ಒಣಪುಡಿ ಹಾಗೇ ಇತ್ತು.

ಮರುದಿನ ಹೊಸದಾಗಿ ತೊಡಗಿದೆ. ಪೇಂಟ್ ಕಲಕುವ ಸರಳನ್ನು ಡ್ರಿಲ್ಲಿಗೆ ಸಿಕ್ಕಿಸಿ, ನೀರಿನಲ್ಲಿ ಸುಳಿ ಎಬ್ಬಿಸಿ, ಟೀ ಸೋಸುವ ಜಾಲರಿಯಿಂದ ಪುಡಿಯನ್ನು ಸುಳಿಯ ಅಂಚಿಗೆ ಸ್ವಲ್ಪಸ್ವಲ್ಪವಾಗಿ ಉದುರಿಸಿದೆ. ಗಂಟು ಕಟ್ಟಲಿಲ್ಲ, ಆದರೂ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದರೆ ಬಕೆಟ್ಟಿನಲ್ಲಿದ್ದದ್ದು ನುಣುಪಾದ ಸರಿಯಲ್ಲ. ಸೌಟಿನಿಂದ ಎತ್ತಿದಾಗ ಜೇನಿನಂತೆ ಎಳೆಯಾಗಿ ಇಳಿಯುವ ಬದಲು ಒಡೆದ ಮೊಸರಿನಂತೆ ತುಂಡುತುಂಡಾಗಿ ಜಾರಿತು, ಬೆರಳ ನಡುವೆ ಉಜ್ಜಿದರೆ ಮರಳಿನಂಥ ಕಣಗಳು ಸಿಕ್ಕವು. ಕಲಕಿದ್ದು ಸಾಲದೆಂದು ಇನ್ನರ್ಧ ಗಂಟೆ ಡ್ರಿಲ್ ಓಡಿಸಿದೆ. ಡ್ರಿಲ್ ಬಿಸಿಯಾಯಿತು, ಕಣಗಳು ಇದ್ದಂತೆಯೇ ಇದ್ದವು.

ಆಗ ನೀರಿನ ಮೇಲೆ ಅನುಮಾನ ಬಂತು. ನಮ್ಮ ಬೋರ್‌ವೆಲ್ಲಿನ ನೀರಿಗೆ ಸೋಪು ನೊರೆಯಾಗುವುದಿಲ್ಲ, ಗೀಸರಿನ ಕಾಯಿಲ್ ವರ್ಷಕ್ಕೊಮ್ಮೆ ಸುಣ್ಣಗಟ್ಟುತ್ತದೆ; ಪರೀಕ್ಷೆಯ ಕಿಟ್ಟಿನಲ್ಲಿ ಗಡಸುತನ ಲೀಟರಿಗೆ 460 ಮಿಲಿಗ್ರಾಂ ತೋರಿಸಿತು. ಮೂರು ಗಾಜಿನ ಲೋಟ ಇಟ್ಟುಕೊಂಡು ಒಂದಕ್ಕೆ ಬೋರ್‌ವೆಲ್ ನೀರು, ಎರಡನೆಯದಕ್ಕೆ ಮಾಳಿಗೆಯ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು, ಮೂರನೆಯದಕ್ಕೆ ನೀರನ್ನು ಮೆದುಗೊಳಿಸುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟನ್ನು ಮೊದಲೇ ಕರಗಿಸಿದ ಬೋರ್‌ವೆಲ್ ನೀರು ತುಂಬಿಸಿ, ಮೂರಕ್ಕೂ ಒಂದೇ ತೂಕದ ಆಲ್ಜಿನೇಟನ್ನು ಒಂದೇ ರೀತಿಯಲ್ಲಿ ಕಲಕಿದೆ. ಬೆಳಿಗ್ಗೆ ಮೊದಲ ಲೋಟದಲ್ಲಿ ಅದೇ ಒಡೆದ ಮೊಸರು. ಎರಡನೆಯದು ಮತ್ತು ಮೂರನೆಯದು ಕಿಟಕಿಗೆ ಹಿಡಿದರೆ ಆಚೆ ಬದಿ ಮಬ್ಬಾಗಿ ಕಾಣುವಷ್ಟು ತಿಳಿಯಾಗಿ, ಓರೆ ಮಾಡಿದರೆ ಎಣ್ಣೆಯಂತೆ ನಿಧಾನವಾಗಿ ಗೋಡೆ ಹಿಡಿದು ಇಳಿಯುತ್ತಿದ್ದವು.

ಕಾರಣ ಕ್ಯಾಲ್ಸಿಯಂ. ಆಲ್ಜಿನೇಟ್ ಸರಪಳಿ ಮ್ಯಾನುರೋನಿಕ್ ಮತ್ತು ಗುಲುರೋನಿಕ್ ಎಂಬ ಎರಡು ಆಮ್ಲಗಳ ಕೊಂಡಿಗಳಿಂದಾದದ್ದು. ಗುಲುರೋನಿಕ್ ಕೊಂಡಿಗಳು ಸಾಲಾಗಿ ಬಂದ ಕಡೆ ಸರಪಳಿ ಅಂಕುಡೊಂಕಾಗಿ ಮಡಚಿಕೊಂಡು ಚಿಕ್ಕಚಿಕ್ಕ ಗುಂಡಿಗಳಾಗುತ್ತವೆ. ಎರಡು ಸರಪಳಿಗಳು ಎದುರುಬದುರಾದಾಗ ಆ ಗುಂಡಿಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಮೊಟ್ಟೆಯ ತಟ್ಟೆಯಲ್ಲಿ ಮೊಟ್ಟೆ ಕೂತಂತೆ ಕೂತು ಎರಡನ್ನೂ ಕಟ್ಟಿಹಾಕುತ್ತವೆ. 1973ರಿಂದ ವಿಜ್ಞಾನಿಗಳು ಇದನ್ನು ಮೊಟ್ಟೆಪೆಟ್ಟಿಗೆ ಮಾದರಿ ಎಂದೇ ಕರೆಯುತ್ತಾರೆ. ನನ್ನ ನೀರಿನ ಕ್ಯಾಲ್ಸಿಯಂ ಪ್ರತಿ ಕಣದ ಮೈಯನ್ನೂ ಹೀಗೆ ಹೊಲಿದುಬಿಟ್ಟಿದ್ದರಿಂದ ಒಳಗಿನ ಭಾಗ ಊದಲೇ ಇಲ್ಲ. ಹೆಕ್ಸಾಮೆಟಾಫಾಸ್ಫೇಟ್ ಮಾಡುವುದಿಷ್ಟೇ: ಆಲ್ಜಿನೇಟ್ ನೀರಿಗೆ ಬೀಳುವ ಮೊದಲೇ ಕ್ಯಾಲ್ಸಿಯಂ ಅನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ.

ನಂಬಿಕೆ ಬಲವಾಗಲೆಂದು ಇನ್ನೊಂದು ಲೋಟದಲ್ಲಿ ಒಂದು ಚಮಚ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಮಳೆನೀರಿನ ಸರಿಗೆ ಚೂರು ನೀಲಿ ಬೆರೆಸಿ, ಮಕ್ಕಳಿಗೆ ಔಷಧಿ ಹಾಕುವ ಡ್ರಾಪರಿನಿಂದ ಹನಿಹನಿಯಾಗಿ ಬಿಟ್ಟೆ. ಹನಿ ನೀರಿಗೆ ಮುಟ್ಟಿದ್ದೇ ತಡ, ಚದುರದೆ ಗುಂಡಗೆ ನಿಂತು ತಳಕ್ಕಿಳಿಯಿತು. ಅರ್ಧ ನಿಮಿಷದ ಮೇಲೆ ಜಾಲರಿಯಿಂದ ಎತ್ತಿದರೆ ನೆನೆಸಿದ ಸಾಬಕ್ಕಿಯಂಥ ಮಣಿ. ಬೆರಳಿನಿಂದ ಅದುಮಿದರೆ ಪಟ್ಟೆಂದು ಒಡೆದು ಒಳಗಿನ ತೆಳು ಸರಿ ಹೊರಬಂತು. ಅಂದು ಸಂಜೆ ಮಗಳು ಈ ಆಟಕ್ಕೆ ಅರ್ಧ ಬಟ್ಟಲು ಸರಿ ಖಾಲಿ ಮಾಡಿದಳು, ನಾನೂ ಬೇಡವೆನ್ನಲಿಲ್ಲ.

ನನ್ನ ಕೆಲಸ ಕೆಡಿಸಿದ ಈ ಗುಣವೇ ಬೇರೆ ಕಸುಬುಗಳಲ್ಲಿ ಅನ್ನ ಕೊಡುತ್ತಿದೆ ಎಂಬುದು ಆಮೇಲೆ ಹೊಳೆಯಿತು. ಹಿಂದಿನ ವರ್ಷ ಹಲ್ಲಿಗೆ ಟೋಪಿ ಹಾಕಿಸಲು ಹೋದಾಗ ದಂತವೈದ್ಯರು ಗುಲಾಬಿ ಪುಡಿಯನ್ನು ನೀರಿನಲ್ಲಿ ಕಲಸಿ, ತಟ್ಟೆಗೆ ತುಂಬಿ ಬಾಯೊಳಗೆ ಒತ್ತಿದ್ದರು. ಎರಡು ಮೂರು ನಿಮಿಷಗಳಲ್ಲಿ ಅದು ರಬ್ಬರಿನಂತೆ ಗಟ್ಟಿಯಾಗಿ ಹಲ್ಲಿನ ಅಚ್ಚಿನೊಂದಿಗೆ ಹೊರಬಂದಿತ್ತು. ಅದರಲ್ಲಿರುವುದು ಆಲ್ಜಿನೇಟ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್. ಕಲಸಿದ ಕೂಡಲೇ ಗಟ್ಟಿಯಾಗಿಬಿಟ್ಟರೆ ವೈದ್ಯರ ಕೈಗೇ ಅಂಟುವುದರಿಂದ ಸ್ವಲ್ಪ ಟ್ರೈಸೋಡಿಯಂ ಫಾಸ್ಫೇಟನ್ನೂ ಸೇರಿಸಿರುತ್ತಾರೆ. ಅದು ತೀರುವವರೆಗೆ ಬಿಡುಗಡೆಯಾದ ಕ್ಯಾಲ್ಸಿಯಂ ಫಾಸ್ಫೇಟಿನ ಪಾಲಾಗುತ್ತದೆ, ತೀರಿದ ಮೇಲೆ ಆಲ್ಜಿನೇಟಿನ ಸರದಿ. ನನ್ನ ಲೋಟದ ಹೆಕ್ಸಾಮೆಟಾಫಾಸ್ಫೇಟ್ ಶಾಶ್ವತವಾಗಿ ಮಾಡಿದ್ದನ್ನು ಅಲ್ಲಿ ಎರಡು ನಿಮಿಷದ ಮಟ್ಟಿಗೆ ಮಾಡಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನಿಂದ ಅಗರ್ ಬರುವುದು ನಿಂತಾಗ ದಂತವೈದ್ಯರು ಈ ಪುಡಿಗೆ ಬಂದರು ಎನ್ನುವುದೂ ಒಂದು ಪಾಚಿಯ ಜಾಗಕ್ಕೆ ಇನ್ನೊಂದು ಪಾಚಿ ಬಂದ ಕಥೆಯೇ. ಗಾಯಕ್ಕೆ ಕಟ್ಟುವ ಆಲ್ಜಿನೇಟ್ ಪಟ್ಟಿಯಲ್ಲಿ ನಡೆಯುವುದು ಇದರ ತಿರುವುಮುರುವು: ಅದನ್ನು ಕ್ಯಾಲ್ಸಿಯಂ ಆಲ್ಜಿನೇಟ್ ಎಳೆಗಳಿಂದಲೇ ಮಾಡಿರುತ್ತಾರೆ, ಗಾಯದ ರಸದ ಸೋಡಿಯಂ ಒಳಸೇರಿ ಕ್ಯಾಲ್ಸಿಯಂ ಹೊರಬಂದಂತೆ ಎಳೆ ಮೆತ್ತಗಿನ ಲೋಳೆಯಾಗುವುದರಿಂದ ಪಟ್ಟಿ ಬಿಚ್ಚುವಾಗ ಗಾಯ ಕಿತ್ತುಬರುವುದಿಲ್ಲ. ಐಸ್‌ಕ್ರೀಮಿನಲ್ಲಿ ಮಂಜಿನ ಹರಳು ದಪ್ಪವಾಗದಂತೆ ತಡೆಯುವುದು, ವೆಲ್ಡಿಂಗ್ ಕಡ್ಡಿಯ ಮೇಲಿನ ಲೇಪ ಒಡೆಯದೆ ಜಾರಿಬರುವಂತೆ ಮಾಡುವುದು, ಕಾಗದದ ಮೈಗೆ ಶಾಯಿ ಹೀರದ ಹೊದಿಕೆ ಕೊಡುವುದು, ಇವೂ ಅದರ ಕೆಲಸಗಳೇ. ಐಸ್‌ಕ್ರೀಮ್ ಡಬ್ಬಿಯ ಮೇಲೆ 401 ಎಂಬ ಸಂಖ್ಯೆ ಕಂಡರೆ ಅದು ಈ ಪುಡಿ.

ಇನ್ನು ನನ್ನ ಬಕೆಟ್ಟಿಗೆ ಬರುತ್ತೇನೆ. ಮಳೆನೀರು ಇದ್ದಷ್ಟು ದಿನ ಅದನ್ನೇ ಬಳಸಿ, ಮುಗಿದ ಮೇಲೆ ಲೀಟರ್ ಬೋರ್‌ವೆಲ್ ನೀರಿಗೆ 5 ಗ್ರಾಂ ಹೆಕ್ಸಾಮೆಟಾಫಾಸ್ಫೇಟ್ ಮೊದಲು ಕರಗಿಸಿ, ಆಮೇಲೆ 40 ಗ್ರಾಂ ಆಲ್ಜಿನೇಟ್ ಉದುರಿಸುವುದೆಂದು ಗೊತ್ತುಮಾಡಿಕೊಂಡೆ. ಕ್ರಮ ತಪ್ಪಿಸಿದರೆ, ಅಂದರೆ ಗಂಟುಕಟ್ಟಿದ ಮೇಲೆ ಹೆಕ್ಸಾಮೆಟಾಫಾಸ್ಫೇಟ್ ಹಾಕಿದರೆ, ಸರಿಹೋಗುತ್ತದೆ, ಆದರೆ ಎರಡು ದಿನ ಕಾಯಬೇಕು. ಮೊದಲ ಅಳತೆಯಲ್ಲಿ ಅಚ್ಚಿಗೆ ಹಚ್ಚುವ ಒಂದು ಕಿಲೋ ಮಿಶ್ರಣಕ್ಕೆ ಈ ಸರಿ 500 ಗ್ರಾಂ, ಯೂರಿಯಾ 150, ಅಡಿಗೆ ಸೋಡಾ 25, ಹಬೆಯಲ್ಲಿ ಬಣ್ಣ ಕೆಡದಂತೆ ಕಾಯುವ ರೆಸಿಸ್ಟ್ ಸಾಲ್ಟ್ 10, ಬಣ್ಣದ ಪುಡಿ 30, ಉಳಿದದ್ದು ನೀರು. ಪರದೆ ಮುದ್ರಣಕ್ಕೆ ಇದು ಸಾಕಾದೀತು, ಮರದಚ್ಚಿಗೆ ತೆಳುವಾಯಿತು. ಬಳ್ಳಿಯ ಎಲೆಗಳ ನಡುವಿನ ಸಂದು ಮುಚ್ಚಿಕೊಂಡಿತು. ಸರಿಯನ್ನು 650 ಗ್ರಾಮಿಗೆ ಏರಿಸಿ ನೀರನ್ನು 135ಕ್ಕೆ ಇಳಿಸಿದಾಗ ಗೆರೆ ನಿಂತಿತು. ಯೂರಿಯಾ ಹಬೆಯಲ್ಲಿ ತೇವ ಹಿಡಿದಿಟ್ಟು ಬಣ್ಣ ಕರಗಿರುವಂತೆ ನೋಡಿಕೊಳ್ಳುತ್ತದೆ, ಅಡಿಗೆ ಸೋಡಾ ಬಿಸಿಗೆ ವಾಷಿಂಗ್ ಸೋಡಾ ಆಗಿ ಬೇಕಾದ ಕ್ಷಾರವನ್ನು ಆ ಹೊತ್ತಿಗೆ ಒದಗಿಸುತ್ತದೆ. ಆಮ್ಲದ ಕಡೆಗೆ ಮಾತ್ರ ಹೋಗಬಾರದು. ಒಮ್ಮೆ ಕೈತಪ್ಪಿ ವಿನೆಗರ್ ತಾಗಿದ ಪಾತ್ರೆಯಲ್ಲಿ ಸರಿ ಹಾಕಿದಾಗ ಅಂಚಿನಲ್ಲಿ ಆಲ್ಜಿನಿಕ್ ಆಮ್ಲ ಬಿಳಿ ಲೋಳೆಯಾಗಿ ಬೇರ್ಪಟ್ಟಿತ್ತು.

ಈ ಸರಿಯ ನಡತೆ ಕೈಗೆ ಹತ್ತಲು ಒಂದು ದಿನ ಬೇಕಾಯಿತು. ತಟ್ಟೆಯಲ್ಲಿ ಸುಮ್ಮನಿದ್ದಾಗ ಅದು ದಪ್ಪ, ಅಚ್ಚಿನ ಒತ್ತಡ ಬಿದ್ದ ಕ್ಷಣ ತೆಳುವಾಗಿ ಬಟ್ಟೆಗಿಳಿಯುತ್ತದೆ, ಅಚ್ಚು ಎತ್ತಿದೊಡನೆ ಮತ್ತೆ ದಪ್ಪವಾಗಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಪಿಗ್ಮೆಂಟಿಗೆ ಹೊಡೆದಂತೆ ಅಚ್ಚಿನ ಹಿಂಭಾಗಕ್ಕೆ ಮುಷ್ಟಿಯಿಂದ ಬಲವಾಗಿ ಗುದ್ದಬಾರದು. ಅಂಗೈಯಿಂದ ಒಮ್ಮೆ ಒತ್ತಿ ಎತ್ತಿದರೆ ಸಾಕು. ತಟ್ಟೆಯೊಳಗಿನ ಕಂಬಳಿ ತುಂಡಿಗೆ ಬಣ್ಣವನ್ನು ಬೆಣ್ಣೆ ಸವರಿದಷ್ಟೇ ತೆಳುವಾಗಿ ಸವರಬೇಕು, ಇಲ್ಲದಿದ್ದರೆ ಅಚ್ಚಿನ ಅಂಚಿನಲ್ಲಿ ದಪ್ಪ ಗೆರೆಯೊಂದು ಕೂರುತ್ತದೆ. ಇನ್ನೊಂದು ವಿಷಯ: ಐದನೆಯ ದಿನಕ್ಕೆ ಉಳಿದ ಸರಿ ನೀರಾಗಿ ವಾಸನೆ ಬಂತು. ಬ್ಯಾಕ್ಟೀರಿಯಾಗಳು ಸರಪಳಿಯನ್ನು ಕಡಿದುಹಾಕಿದ್ದವು. ಅಂದಿನಿಂದ ಬೇಕಾದಷ್ಟೇ ಕೂಡಿಸಿ, ಮಿಕ್ಕದ್ದಕ್ಕೆ ಹೆಸರು ಬರೆದು ಹಳೆಯ ಫ್ರಿಜ್ಜಿನಲ್ಲಿ ಇಡುತ್ತೇನೆ.

ಒಣಗಿದ ದುಪಟ್ಟಾವನ್ನು ಹಳೆಯ ಹತ್ತಿ ಬಟ್ಟೆಯೊಂದಿಗೆ ಸುರುಳಿ ಸುತ್ತಿ, ಅಡಿಗೆಗೆ ಇನ್ನು ಬಳಸದ ದೊಡ್ಡ ಇಡ್ಲಿ ಹಂಡೆಯಲ್ಲಿ ನಲವತ್ತು ನಿಮಿಷ ಹಬೆಗೆ ಇಟ್ಟೆ. ಮುಚ್ಚಳದ ಕೆಳಗೆ ದಪ್ಪ ಟವೆಲ್ ಕಟ್ಟದಿದ್ದರೆ ಹನಿ ಬಿದ್ದ ಕಡೆಯೆಲ್ಲ ಬಣ್ಣ ಕದಡಿ ಕಲೆಯಾಗುತ್ತದೆ. ಎರಡನೆಯ ದುಪಟ್ಟಾದ ಒಂದು ಮೂಲೆ ಹೀಗೇ ಹೋಯಿತು.

ತೊಳೆಯುವಾಗ ಮತ್ತೊಮ್ಮೆ ಎಡವಿದೆ. ಸರಿ ಕೂಡಿಸುವಾಗ ನೀರಿನ ಬಗ್ಗೆ ಅಷ್ಟು ಜಾಗ್ರತೆ ವಹಿಸಿದವನು, ತೊಳೆಯಲು ಮಾತ್ರ ನಲ್ಲಿ ತಿರುಗಿಸಿ ಅದೇ ಬೋರ್‌ವೆಲ್ ನೀರಿನ ಕೆಳಗೆ ಮೊದಲ ಮೂರು ದುಪಟ್ಟಾಗಳನ್ನು ಹಿಡಿದೆ. ಒಣಗಿದ ಮೇಲೆ ನೋಡಿದರೆ ಅಚ್ಚು ಬಿದ್ದ ಕಡೆಯೆಲ್ಲ ಮತ್ತದೇ ಹಪ್ಪಳದ ಗರಿಗರಿ, ಮೇಲೊಂದು ಮಂಕು ಪೊರೆ, ಬಿಳಿ ಕರವಸ್ತ್ರ ಒದ್ದೆ ಮಾಡಿ ಉಜ್ಜಿದರೆ ಅದಕ್ಕೆ ಬಣ್ಣ. ಹುಣಸೆಬೀಜದ ಕಾಲಕ್ಕೇ ಮರಳಿದೆನೆಂದು ಒಂದು ಗಳಿಗೆ ಕೈಚೆಲ್ಲಿ ಕೂತೆ. ಲೋಟದ ಸಾಬಕ್ಕಿ ಮಣಿಗಳು ನೆನಪಾದಾಗ ವಿಷಯ ತಿಳಿಯಿತು: ಬಕೆಟ್ಟಿನಲ್ಲಿ 40 ಗ್ರಾಂ ಆಲ್ಜಿನೇಟಿಗೆ ಎದುರಾಗಿದ್ದದ್ದು ಒಂದು ಲೀಟರ್ ನೀರಿನ ಕ್ಯಾಲ್ಸಿಯಂ, ನಲ್ಲಿಯ ಕೆಳಗೆ ಬಟ್ಟೆಯ ಮೇಲಿನ ಒಂದೆರಡು ಗ್ರಾಂ ಆಲ್ಜಿನೇಟಿನ ಮೇಲೆ ಹರಿದದ್ದು ಹತ್ತಾರು ಲೀಟರಿನ ಕ್ಯಾಲ್ಸಿಯಂ. ಸರಿ ಕರಗಿಹೋಗುವ ಮೊದಲೇ ಬಟ್ಟೆಯ ಮೇಲೆ ಗಟ್ಟಿ ಪೊರೆಯಾಗಿ ಕೂತು, ನೂಲಿಗೆ ಬೆಸೆಯದೆ ಉಳಿದ ಬಣ್ಣವನ್ನೂ ತನ್ನೊಳಗೆ ಹಿಡಿದಿಟ್ಟುಕೊಂಡಿತ್ತು.

ಇದು ಹುಣಸೆಬೀಜದಂತೆ ರಾಸಾಯನಿಕ ಬೆಸುಗೆಯಾಗಿದ್ದರೆ ಬಿಡಿಸಲು ಬರುತ್ತಿರಲಿಲ್ಲ; ಬರೀ ಕ್ಯಾಲ್ಸಿಯಂ ಹೊಲಿಗೆಯಾಗಿದ್ದರೆ ಬಿಚ್ಚಬಹುದು. ಮಳೆನೀರನ್ನು ಕೈ ಸುಡುವಷ್ಟು ಕಾಯಿಸಿ, ಲೀಟರಿಗೆ 5 ಗ್ರಾಂ ಹೆಕ್ಸಾಮೆಟಾಫಾಸ್ಫೇಟ್, 2 ಗ್ರಾಂ ವಾಷಿಂಗ್ ಸೋಡಾ ಹಾಕಿ ಮೂರೂ ದುಪಟ್ಟಾಗಳ ಜೊತೆ ಹಳೆಯ ಹುಣಸೆಬೀಜದ ತುಂಡನ್ನೂ ಮುಳುಗಿಸಿದೆ. ಹತ್ತು ನಿಮಿಷಕ್ಕೆ ಬೆರಳಿಗೆ ಲೋಳೆ ಹತ್ತಿತು, ಇಪ್ಪತ್ತು ನಿಮಿಷಕ್ಕೆ ನೀರು ಸ್ವಲ್ಪ ಮಂದವಾಗಿ ಬಣ್ಣಕ್ಕೆ ತಿರುಗಿತು. ಎರಡನೆಯ ನೀರು, ಆಮೇಲೆ ಸೋಪಿನ ಕುದಿ. ಒಣಗಿದಾಗ ದುಪಟ್ಟಾಗಳ ಅಚ್ಚು ಬಿದ್ದ ಭಾಗವೂ ಬೀಳದ ಭಾಗವೂ ಕಣ್ಣು ಮುಚ್ಚಿ ಮುಟ್ಟಿದರೆ ಬೇರೆಯೆನಿಸಲಿಲ್ಲ. ಹುಣಸೆಬೀಜದ ತುಂಡು ಮಾತ್ರ ಹಾಗೇ ಗರಿಗರಿ. ಉಳಿದ ಒಂಬತ್ತಕ್ಕೆ ಮೊದಲೆರಡು ನೀರನ್ನು ಮೆದುಗೊಳಿಸಿಯೇ ಹಾಕಿದೆ. ಆಲ್ಜಿನೇಟ್ ಪೂರ್ತಿ ಹೋದ ಮೇಲಿನ ಜಾಲಿಸುವಿಕೆಗೆ ಬೋರ್‌ವೆಲ್ ನೀರು ಸಾಕು.

ಡಿಸೆಂಬರಿನಲ್ಲಿ ಕಾರವಾರಕ್ಕೆ ಹೋದಾಗ ಒಂದು ಹುಚ್ಚು ಹತ್ತಿತು. ದಡಕ್ಕೆ ಬಂದು ಬಿದ್ದ ಸರ್ಗಾಸಮ್ ಪಾಚಿಯನ್ನು, ಮೆಣಸಿನ ಕಾಳಿನಂಥ ಗಾಳಿಗುಳ್ಳೆಗಳ ಆ ಕಂದು ಗೊಂಚಲನ್ನು, ಒಂದು ಚೀಲ ತುಂಬಿ ತಂದು ತೊಳೆದು ಒಣಗಿಸಿದೆ. ಪಾಚಿಯೊಳಗೆ ಆಲ್ಜಿನೇಟ್ ಇರುವುದು ಹೆಚ್ಚಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವುಗಳ ಕರಗದ ಲವಣವಾಗಿ. ಅಲೆಯ ಹೊಡೆತಕ್ಕೆ ಹರಿಯದೆ ಬಾಗುವ ಗುಣ ಪಾಚಿಗೆ ಬರುವುದು ಅದರಿಂದಲೇ. ಮೊದಲು ತೆಳು ಆಮ್ಲದಲ್ಲಿ ನೆನೆಸಿ ಕ್ಯಾಲ್ಸಿಯಂ ತೆಗೆದು, ಆಮೇಲೆ ಬಿಸಿ ಸೋಡಾ ನೀರಿನಲ್ಲಿ ಕರಗಿಸಿ ಸೋಸಬೇಕು. ಸ್ಕಾಟ್ಲೆಂಡಿನ ಕಡಲಪಾಚಿಯಲ್ಲಿ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿ ಎಡ್ವರ್ಡ್ ಸ್ಟ್ಯಾನ್‌ಫರ್ಡ್ 1881ರಲ್ಲಿ ಪೇಟೆಂಟ್ ಪಡೆದದ್ದೂ ಪಾಚಿಯಿಂದ ಸೋಡಾದ ಮೂಲಕ ಈ ವಸ್ತುವನ್ನು ತೆಗೆಯುವುದಕ್ಕೆ. ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಕೊಯ್ಯುತ್ತಿದ್ದ ದೈತ್ಯ ಕೆಲ್ಪ್ ಪಾಚಿ ಇರಲಿ, ತಮಿಳುನಾಡಿನ ರಾಮೇಶ್ವರ, ಮಂಡಪಂ ತೀರದ ಸರ್ಗಾಸಮ್ ಇರಲಿ, ಕಾರ್ಖಾನೆಯ ದಾರಿ ಮೂಲತಃ ಅದೇ. ಕಾಗದದ ಮೇಲೆ ಸುಲಭವಾದ ಸೋಸುವಿಕೆ ನನ್ನ ಅರ್ಧ ದಿನ ತಿಂದಿತು: ಲೋಳೆ ಬಟ್ಟೆಯ ಕಣ್ಣುಗಳನ್ನೆಲ್ಲ ಮುಚ್ಚಿ ಒಂದು ಹನಿಯೂ ಇಳಿಯದು, ನಾಲ್ಕು ಪಟ್ಟು ನೀರು ಬೆರೆಸಿದ ಮೇಲೆಯೇ ದಾರಿ ಬಿಟ್ಟಿತು. ಆ ದ್ರವಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದಾಗ ಒದ್ದೆ ಹತ್ತಿಯಂಥ ಕಂದು ಎಳೆಗಳು ಮೇಲೆದ್ದವು. 100 ಗ್ರಾಂ ಒಣಪಾಚಿಗೆ ಒಣಗಿದ ಎಳೆ 16 ಗ್ರಾಂ ಸಿಕ್ಕಿತು.

ಅದೇ ನೂರಕ್ಕೆ ನಾಲ್ಕರ ಅಳತೆಯಲ್ಲಿ ಕರಗಿಸಿದರೆ ಅದು ಮಜ್ಜಿಗೆಗಿಂತ ದಪ್ಪವಾಗಲಿಲ್ಲ. ಬಿಸಿಲಿನಲ್ಲಿ ಬಿದ್ದಿದ್ದ ಪಾಚಿ, ನಾನು ಹೆಚ್ಚು ಹೊತ್ತು ಕಾಯಿಸಿದ ಸೋಡಾ ನೀರು, ಎರಡೂ ಸರಪಳಿಯನ್ನು ತುಂಡರಿಸಿದ್ದಿರಬೇಕು. ಎರಡು ಪಟ್ಟು ಹಾಕಿ, ಕಂದು ಛಾಯೆ ಕಾಣಿಸದಿರಲೆಂದು ಕಡುನೀಲಿ ಬಣ್ಣ ಬೆರೆಸಿ, ಎರಡನೆಯ ದುಪಟ್ಟಾದ ಆ ಕೆಟ್ಟ ಮೂಲೆಯ ಕಲೆಯ ಮೇಲೆ ದೊಡ್ಡ ಎಲೆಯ ಅಚ್ಚೊಂದನ್ನು ಒತ್ತಿದೆ. ಎಲೆಯ ನಾಳಗಳು ಸ್ವಲ್ಪ ಕೂಡಿಕೊಂಡಿವೆ, ಕಲೆ ಕಾಣುವುದಿಲ್ಲ. ಹನ್ನೊಂದು ದುಪಟ್ಟಾಗಳನ್ನು ಕೊಟ್ಟು, ಆ ಒಂದನ್ನು ಮನೆಯಲ್ಲೇ ಉಳಿಸಿಕೊಂಡೆ.